ಹಳೆ ಚರ್ಚ್ ಪುಸ್ತಕ, ಶಾಲೆ ರಿಜಿಸ್ಟರ್ ಸ್ಕ್ಯಾನ್ ಮಾಡಿಸಬೇಕಾ? ಕಾಸರಗೋಡಿನ ಈ ಅಂಗಡಿಗೆ ಹೋಗಬಹುದು

ಹಳೆ ಬಸ್‌ಸ್ಟ್ಯಾಂಡ್ ಹತ್ತಿರ, ಮಹಡಿ ಮೇಲಿರುವ ಚಿಕ್ಕ ಡಿಟಿಪಿ ಅಂಗಡಿ ಇದು. ಬೋರ್ಡು ಮಲಯಾಳದಲ್ಲಿದೆ, ಮಾಲೀಕರು ಕನ್ನಡ, ತುಳು ಎರಡೂ ಸಲೀಸಾಗಿ ಮಾತಾಡುತ್ತಾರೆ. ನಮ್ಮ ಊರಲ್ಲಿ ಅದೇನು ದೊಡ್ಡ ವಿಷಯ ಅಲ್ಲ ಬಿಡಿ.

ನಾವು ಒಯ್ದದ್ದು ನಮ್ಮ ಚರ್ಚ್ ಸಭೆಯ ದೀಕ್ಷಾಸ್ನಾನದ ಪುಸ್ತಕ, ಶಾಲೆಯ ಅಡ್ಮಿಶನ್ ರಿಜಿಸ್ಟರ್, ಮತ್ತೆ ಒಂದು ಕಟ್ಟು ಬಿಡಿ ಹಾಳೆ. ಮೊದಲು ಬೇರೊಂದು ಕಡೆ ವಿಚಾರಿಸಿದ್ದೆವು. ಅವರು ಬೆನ್ನು ಕತ್ತರಿಸಿ ಹಾಳೆ ಬಿಡಿಸಿ ಕೊಡಿ, ಮೆಷಿನ್ನಿಗೆ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸುತ್ತೇವೆ ಅಂದರು. ಪುಸ್ತಕ ಎತ್ತಿಕೊಂಡು ಸುಮ್ನೆ ವಾಪಸ್ ಬಂದೆವು. ಇಲ್ಲಿ ಹಾಗಲ್ಲ. ಮೇಲಿನಿಂದ ಫೋಟೋ ತೆಗೆಯುವ ಸ್ಕ್ಯಾನರ್ ಇದೆ. ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತುವುದಿಲ್ಲ, ಎರಡೂ ಬದಿಗೆ ದಿಂಬಿನಂಥ ಸ್ಪಂಜು ಕೊಟ್ಟು ಒಂದೊಂದೇ ಹಾಳೆ ತಿರುಗಿಸುತ್ತಾರೆ.

ಇಷ್ಟು ಎಚ್ಚರ ಯಾಕೆ ಬೇಕು ಅಂದರೆ, ಇದರಲ್ಲಿರುವುದು ಬೇರೆಲ್ಲೂ ಸಿಗುವುದಿಲ್ಲ. ನಮ್ಮ ಸಭೆ, ಶಾಲೆ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ಕಾಲದವು. ಆ ಹೆಸರು ಹೇಳಿದ ಕೂಡಲೇ ಜನ ಹೆಂಚು ಅನ್ನುತ್ತಾರೆ. ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮಿಷನ್ನಿನ ಮೊದಲ ಪಾದ್ರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮೂವರೂ ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ, 1836ಕ್ಕೆಲ್ಲ ಶಾಲೆ ನಡೆಯುತ್ತಿತ್ತು. ಅಂದರೆ ಶಾಲೆ ಮೊದಲು, ಹೆಂಚು ಎಷ್ಟೋ ಆಮೇಲೆ. ಸಂಸ್ಥೆ ಸ್ವಿಟ್ಜರ್ಲೆಂಡಿನದು, ಬಂದವರಲ್ಲಿ ಜಾಸ್ತಿ ಜನ ಜರ್ಮನಿಯ ವ್ಯೂರ್ಟೆಂಬರ್ಗ್ ಕಡೆಯ ಲೂಥರನ್ನರು. ಜೊತೆಗೆ ರಿಫಾರ್ಮ್ಡ್ ಅನ್ನುವ ಇನ್ನೊಂದು ಪ್ರಾಟೆಸ್ಟಂಟ್ ಪಂಥದ ಸ್ವಿಸ್ಸರೂ ಇದ್ದರು. ನಮ್ಮದು ಪಕ್ಕಾ ಲೂಥರನ್ ಸಭೆ ಅನ್ನುವ ಹಿರಿಯರ ಜೊತೆ ನಾನಂತೂ ವಾದಕ್ಕೆ ಹೋಗುವುದಿಲ್ಲ.

ಪಾದ್ರಿಗಳು ಟಿಪ್ಪಣಿ ಬರೆದದ್ದು ಜರ್ಮನರ ಹಳೆ ಕೂಡಿಸಿ ಬರೆಯುವ ಅಕ್ಷರದಲ್ಲಿ, ಅದಕ್ಕೆ ಕುರೆಂಟ್ ಅನ್ನುತ್ತಾರೆ. ಅದರಲ್ಲಿ ‘ಇ’ (e) ಅಕ್ಷರ ‘ಎನ್’ (n) ಥರ ಕಾಣುತ್ತದೆ. ‘ಯು’ (u) ಮೇಲೆ ಕೂದಲೆಳೆಯಷ್ಟು ಸಣ್ಣ ಕೊಂಕು ಇರುತ್ತದೆ, ಅದು ಮಾಸಿದರೆ ಯಾವುದು ಯು, ಯಾವುದು ಎನ್ ಅಂತ ಗೊತ್ತಾಗುವುದೇ ಇಲ್ಲ. ಅಂಗಡಿಯವರು ಮೊದಲು ಕಪ್ಪು ಬಿಳುಪಿನಲ್ಲಿ, 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಒಂದು ಪುಟ ತೆಗೆದು ತೋರಿಸಿದರು. ಕೊಂಕೆಲ್ಲ ಮಾಯ! ಶಾಯಿ ಕಂದಾಗಿ ಹೋಗಿದೆ, ಕಾಗದವೂ ಕಂದು, ಕಪ್ಪು ಬಿಳುಪಿನಲ್ಲಿ ಎರಡೂ ಒಂದೇ. ಆಮೇಲೆ ಬಣ್ಣದಲ್ಲಿ 600ಕ್ಕೆ ಏರಿಸಿದರು, ಅದಕ್ಕೆ ಜಾಸ್ತಿ ದುಡ್ಡು ಕೇಳಲೂ ಇಲ್ಲ. ನೀವು ಹೋದರೆ ಇದನ್ನು ಮೊದಲೇ ಹೇಳಿ.

ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹಿಡಿದು ಶಿಬಿರಕ್ಕೆ ಹಾಕಿದರು, ಆಮೇಲೆ ದೇಶದಿಂದಲೇ ಕಳಿಸಿದರು. ನಮ್ಮ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಜರ್ಮನ್ ಕೈಬರಹ ನಿಂತುಹೋಗುತ್ತದೆ, ಮುಂದಿನ ಪುಟದಿಂದ ದುಂಡನೆಯ ಕನ್ನಡ ಅಕ್ಷರ, ಅಷ್ಟೇ. ಸ್ಕ್ರೀನ್ ಮೇಲೆ ಎರಡೂ ಪುಟ ಅಕ್ಕಪಕ್ಕ ಬಂದಾಗ ಆ ಹುಡುಗ, ಸ್ಕ್ಯಾನ್ ಮಾಡುವವನು, ತಾನಾಗಿ ನಿಲ್ಲಿಸಿ "ಇಲ್ಲಿ ಆಳು ಬದಲಾದರಾ?" ಅಂತ ಕೇಳಿದ. ಇಂಥವನ ಕೈಗೆ ಪುಸ್ತಕ ಕೊಡಲು ಭಯವಿಲ್ಲ.

ಶಾಲೆ ರಿಜಿಸ್ಟರಿನಲ್ಲಿ ನನಗೆ ಇಷ್ಟವಾದದ್ದು ಶಾಲೆ ಬಿಟ್ಟ ಕಾರಣದ ಕಾಲಂ. ಬೇಸಾಯ, ಜ್ವರ, ಊರು ಬಿಟ್ಟರು, ಮತ್ತೆ ಬೇಸಾಯ. 1956ರ ನವೆಂಬರಿನಲ್ಲಿ ಕಾಸರಗೋಡು ಮದ್ರಾಸ್ ರಾಜ್ಯದಿಂದ ಕೇರಳಕ್ಕೆ ಸೇರಿತಲ್ಲ, ಆಗ ಹೊಸ ಫಾರಂ ಬಂದಿರಲಿಲ್ಲ ಅಂತ ಕಾಣುತ್ತದೆ. ಅಚ್ಚಾದ ಮದ್ರಾಸ್ ಮೇಲೆ ಯಾರೋ ಮೇಷ್ಟ್ರು ಪುಟ ಪುಟಕ್ಕೂ ಗೀಟು ಎಳೆದು ಕೇರಳ ಅಂತ ಬರೆದಿದ್ದಾರೆ. ಗೀಟು ಮಾತ್ರ ಸ್ಕೇಲು ಇಟ್ಟು ಎಳೆದದ್ದು!

ಇನ್ನು ದೂರು. ಫೈಲಿಗೆ ಬರೀ ನಂಬರ್ ಕೊಟ್ಟಿದ್ದಾರೆ, ಯಾವುದು ಸಭೆಯದು ಯಾವುದು ಶಾಲೆಯದು ಅಂತ ಒಂದೊಂದೇ ತೆರೆದು ನೋಡಬೇಕು. ಪಠ್ಯ ಹುಡುಕುವಂತೆ ಮಾಡಿಕೊಡುತ್ತೇವೆ ಅಂತ ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ, ಅದು ಬೇಡವೇ ಬೇಡ. ಇಂಥ ಹಳೆ ಕೈಬರಹಕ್ಕೆ ಇವರ ಸಾಫ್ಟ್‌ವೇರ್ ನಡೆಯುವುದಿಲ್ಲ. ಬಿಡಿ ಹಾಳೆಯಲ್ಲಿ ಮಂಗಳೂರಿನ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದೂ ಇತ್ತು, 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತಂದರಲ್ಲ, ಅದೇ ಮಿಷನ್ನಿನ ಪ್ರೆಸ್ಸು. ಆ ಅಚ್ಚಿನಲ್ಲೂ ಅರ್ಧಕ್ಕರ್ಧ ತಪ್ಪೇ ಬಂತು. ರಟ್ಟಿನ ಪೆಟ್ಟಿಗೆಗೆ ಹಾಕಿದ ಕನ್ನಡ ಚೀಟಿಯಲ್ಲಿ ಒತ್ತಕ್ಷರಗಳು ದಿಕ್ಕಾಪಾಲಾಗಿದ್ದವು, ಫಾಂಟ್ ಸಮಸ್ಯೆಯಂತೆ. ಚೀಟಿ ಮನೆಯಲ್ಲೇ ಟೈಪ್ ಮಾಡಿ ಪಿಡಿಎಫ್ ಒಯ್ಯಿರಿ.

ಪುಟಕ್ಕೆ ಎಂಟು ರೂಪಾಯಿ. ಚೌಕಾಸಿಗೆ ಬಗ್ಗುವುದಿಲ್ಲ, ಆದರೆ ಮಸುಕಾದ ಪುಟ ಮತ್ತೆ ತೆಗೆಸಿದ್ದಕ್ಕೆ ಲೆಕ್ಕ ಹಾಕಲಿಲ್ಲ. ಲ್ಯಾಮಿನೇಷನ್ ಮಾಡಿಕೊಡಲಾ ಅಂತ ಕೇಳುತ್ತಾರೆ, ಹಳೆ ಕಾಗದಕ್ಕೆ ಅದು ವಿಷ, ಬೇಡ ಅನ್ನಿ. ಮೇ, ಜೂನಿನಲ್ಲಿ ಹೋಗಬೇಡಿ, ಪ್ಲಸ್ ಒನ್ (ಹನ್ನೊಂದನೇ ತರಗತಿ) ಅರ್ಜಿ ಹಾಕುವ ಮಕ್ಕಳ ಸಾಲು ಮೆಟ್ಟಿಲವರೆಗೆ ಇರುತ್ತದೆ.