ನಟ್ಟನಡುವೆ ಎಂದರೆ ಯಾವುದರ ನಡುವೆ? ರೆವಿಟ್ ತಂತ್ರಾಂಶದ ಒಂದು ವಿಮರ್ಶೆ

ಕಟ್ಟಡ ವಿನ್ಯಾಸದ ತಂತ್ರಾಂಶವೊಂದನ್ನು ಅಳೆಯುವಾಗ ನಾನು ಮೊದಲು ನೋಡುವುದು ಅದು ಕೊಡುವ ಬಣ್ಣದ ಚಿತ್ರಗಳನ್ನಲ್ಲ. ಎರಡು ಅಡ್ಡಗೋಡೆಗಳ ನಡುವೆ ಒಂದು ಕಿಟಕಿಯನ್ನು ಸರಿಯಾಗಿ ಮಧ್ಯಕ್ಕೆ ತರಲು ಎಷ್ಟು ಪಾಡುಪಡಬೇಕು, ತಂದ ಮೇಲೆ ಅದು ಅಲ್ಲಿಯೇ ನಿಲ್ಲುತ್ತದೆಯೇ ಎಂಬುದನ್ನು ನೋಡುತ್ತೇನೆ. ಆಟೋಡೆಸ್ಕ್‌ನ ರೆವಿಟ್ ಅನ್ನು ಇಲ್ಲಿ ಪರಿಶೀಲಿಸಿರುವುದೂ ಈ ಒಂದು ಕೆಲಸದ ಮಟ್ಟಿಗೆ ಮಾತ್ರ.

ಗೋಡೆಯಲ್ಲಿ ಕಿಟಕಿಯನ್ನಿಟ್ಟು ಅದನ್ನು ಆಯ್ಕೆ ಮಾಡಿದೊಡನೆ ಅಕ್ಕಪಕ್ಕದ ಗೋಡೆಗಳವರೆಗೆ ನೀಲಿ ಬಣ್ಣದ ತಾತ್ಕಾಲಿಕ ಅಳತೆಗಳು ಮೂಡುತ್ತವೆ. ಸಂಖ್ಯೆಯ ಮೇಲೆ ಕ್ಲಿಕ್ಕಿಸಿ ಬೇಕಾದ ಅಳತೆಯನ್ನು ಟೈಪ್ ಮಾಡಿದರೆ ಕಿಟಕಿ ಅಷ್ಟು ದೂರಕ್ಕೆ ಸರಿಯುತ್ತದೆ; ಸಮಚಿಹ್ನೆ ಹಾಕಿ =3600/2 ಎಂದು ಲೆಕ್ಕವನ್ನೇ ಬರೆದರೂ ನಡೆಯುತ್ತದೆ. ಸೊಗಸಾದ ವ್ಯವಸ್ಥೆಯೇ ಹೌದು, ಆದರೆ ಹೊಸಬರು ಎಡವುವುದೂ ಇಲ್ಲಿಯೇ. ಈ ಅಳತೆ ಗೋಡೆಯ ಮುಖದಿಂದ ಹೊರಟಿದೆಯೋ ಅಥವಾ ಗೋಡೆಯ ಮಧ್ಯರೇಖೆಯಿಂದ ಹೊರಟಿದೆಯೋ ಎಂಬುದು ಆಯಾ ಪ್ರಾಜೆಕ್ಟ್‌ನ ಸೆಟ್ಟಿಂಗ್‌ಗೆ ಬಿಟ್ಟದ್ದು. ಎಡಗೋಡೆ 200 ಮಿಲಿಮೀಟರ್, ಬಲಗೋಡೆ 100 ಮಿಲಿಮೀಟರ್ ದಪ್ಪವಿದ್ದು, ಕೋಣೆಯ ಒಳ ಅಗಲ 3600 ಇದೆಯೆನ್ನಿ. ಮಧ್ಯರೇಖೆಗಳ ನಡುವಿನ ಅಂತರ 3750 ಆಗುತ್ತದೆ, ಅದರ ಅರ್ಧ 1875. ಹಾಗೆ ಇಟ್ಟ ಕಿಟಕಿಯ ನಡುಬಿಂದು ಎಡಗೋಡೆಯ ಒಳಮುಖದಿಂದ 1775, ಬಲಗೋಡೆಯ ಒಳಮುಖದಿಂದ 1825 ದೂರದಲ್ಲಿ ನಿಲ್ಲುತ್ತದೆ. ಪ್ಲಾನ್‌ನಲ್ಲಿ, ಅಂದರೆ ಮೇಲಿನಿಂದ ನೋಡುವ ನಕ್ಷೆಯಲ್ಲಿ, ಇದು ಕಣ್ಣಿಗೆ ಬೀಳುವುದಿಲ್ಲ; ಒಳಗೋಡೆಯ ಎಲಿವೇಶನ್‌ಗೆ (ಎದುರಿನಿಂದ ಕಾಣುವ ನೋಟಕ್ಕೆ) ಟೈಲ್ಸ್ ಸಾಲು ಹಾಕಿದಾಗ ಎರಡು ಬದಿಯ ತುಂಡುಗಳಲ್ಲಿ 50 ಮಿಲಿಮೀಟರ್ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ನಾನೇ ಒಮ್ಮೆ ಹೀಗೆ ಮೋಸಹೋಗಿ, ಲೆಕ್ಕ ತಪ್ಪಿಲ್ಲವಲ್ಲ ಎಂದು ಬಹಳ ಹೊತ್ತು ತಲೆ ಕೆರೆದುಕೊಂಡಿದ್ದೇನೆ. ಎರಡೂ ಗೋಡೆಗಳ ದಪ್ಪ ಒಂದೇ ಇದ್ದರೆ ತಪ್ಪು ತಪ್ಪಾಗಿ ಕಾಣಿಸುವುದೇ ಇಲ್ಲ, ಆದ್ದರಿಂದ ಅಭ್ಯಾಸ ತಿದ್ದಿಕೊಳ್ಳುವುದು ತಡವಾಗುತ್ತದೆ. ಪರಿಹಾರ ಸುಲಭ: ಅಳತೆಯ ತುದಿಯಲ್ಲಿರುವ ನೀಲಿ ಚುಕ್ಕೆಯನ್ನು ಕ್ಲಿಕ್ಕಿಸುತ್ತ ಹೋದರೆ ವಿಟ್ನೆಸ್ ಲೈನ್ (ಅಳತೆ ಎಲ್ಲಿಂದ ಹೊರಟಿದೆಯೆಂದು ತೋರಿಸುವ ಗೆರೆ) ಗೋಡೆಯ ಒಂದು ಮುಖದಿಂದ ಮಧ್ಯಕ್ಕೆ, ಅಲ್ಲಿಂದ ಇನ್ನೊಂದು ಮುಖಕ್ಕೆ ಜಿಗಿಯುತ್ತದೆ.

ನನ್ನ ಮಟ್ಟಿಗೆ ರೆವಿಟ್‌ನ ನಿಜವಾದ ಬಲವಿರುವುದು ಇಕ್ಯೂ (EQ, ಅಂದರೆ ಸಮಾನ ಅಂತರ) ಎಂಬ ಸಣ್ಣ ಗುರುತಿನಲ್ಲಿ. ಎಡಗೋಡೆಯ ಒಳಮುಖ, ಕಿಟಕಿಯ ಮಧ್ಯ, ಬಲಗೋಡೆಯ ಒಳಮುಖ, ಈ ಮೂರನ್ನೂ ಒಂದೇ ಸರಣಿಯ ಅಳತೆಯಲ್ಲಿ ಹಿಡಿದು, ಮೇಲೆ ತೋರುವ ಗೀಟು ಹೊಡೆದ ಇಕ್ಯೂವನ್ನು ಒತ್ತಿದರೆ ಕಿಟಕಿ ತಾನಾಗಿಯೇ ನಡುವಿಗೆ ಬರುತ್ತದೆ. ಮುಂದೆ ಬಲಗೋಡೆಯನ್ನು 600 ಮಿಲಿಮೀಟರ್ ಹೊರಗೆ ಸರಿಸಿದರೆ ಕಿಟಕಿಯೂ 300 ಸರಿದು ಮತ್ತೆ ಮಧ್ಯದಲ್ಲಿಯೇ ನಿಲ್ಲುತ್ತದೆ. ಆಟೋಡೆಸ್ಕ್‌ನದೇ ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಎರಡು ಬಿಂದುಗಳ ನಡುವನ್ನು ಹಿಡಿಯುವ ಎಂ2ಪಿ ಸ್ನ್ಯಾಪ್ ಇದೆ, ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದು ಹಿಡಿದುಕೊಡುವುದು ಆ ಕ್ಷಣದ ಬಿಂದುವನ್ನು ಮಾತ್ರ. ಗೋಡೆ ಸರಿದರೆ ಕಿಟಕಿಯನ್ನು ನಾವೇ ಮತ್ತೆ ಸರಿಸಬೇಕು.

ಇಕ್ಯೂವಿನ ಬಗ್ಗೆ ಒಂದು ಎಚ್ಚರಿಕೆಯಿದೆ. ಆ ಅಳತೆಯ ಸಾಲನ್ನು ಅಳಿಸಿದ ಮಾತ್ರಕ್ಕೆ ಬಂಧ ಬಿಡುವುದಿಲ್ಲ. ಅಳಿಸುವಾಗ ತೆರೆಯುವ ಸಂದೇಶದಲ್ಲಿ ಓಕೆ ಒತ್ತಿದರೆ ಅಳತೆ ಹೋಗುತ್ತದೆ, ಕಾಣದ ನಿರ್ಬಂಧ ಉಳಿಯುತ್ತದೆ. ಅನ್‌ಕನ್‌ಸ್ಟ್ರೇನ್ ಒತ್ತಿದರಷ್ಟೇ ಎರಡೂ ಹೋಗುತ್ತವೆ. ಸಂದೇಶ ಓದದೆ ಓಕೆ ಒತ್ತುವುದು ನಮ್ಮೆಲ್ಲರ ಚಾಳಿಯಾದ್ದರಿಂದ, ವಾರಗಳ ಬಳಿಕ ಒಂದು ಗೋಡೆಯನ್ನೆಳೆದಾಗ ಎಲ್ಲಿಯದೋ ಕಿಟಕಿ ಅಲುಗುವುದನ್ನು ಕಂಡು ಗಾಬರಿಯಾಗುತ್ತದೆ. ವಸ್ತುಗಳನ್ನು ಒಂದೇ ರೇಖೆಗೆ ತರುವ ಅಲೈನ್ ಸಾಧನದ ಬೀಗದ ಚಿಹ್ನೆಗೂ ಇದೇ ಮಾತು ಸಲ್ಲುತ್ತದೆ: ಅಗತ್ಯವಿದ್ದಲ್ಲಿ ಮಾತ್ರ ಬೀಗ ಹಾಕಿರಿ. ಅಲೈನ್‌ನಲ್ಲಿ ಮೊದಲು ಗುರಿಯ ರೇಖೆಯನ್ನು ಆರಿಸಿ ಆಮೇಲೆ ಸರಿಸಬೇಕಾದ ವಸ್ತುವನ್ನು ಆರಿಸಬೇಕು. ಈ ತಿರುಗುಮುರುಗು ಕ್ರಮ ಕೈಗೆ ಕೂರಲು ಕೆಲವು ದಿನ ಬೇಕು.

ಮೆಚ್ಚಬೇಕಾದ ಇನ್ನೊಂದು ಗುಣವೆಂದರೆ, ಅಳತೆಯ ಪಠ್ಯದ ಜಾಗದಲ್ಲಿ ಬೇರೊಂದು ಸಂಖ್ಯೆಯನ್ನು ಬರೆದು ಮುಚ್ಚಿಹಾಕಲು ರೆವಿಟ್ ಬಿಡುವುದಿಲ್ಲ. 1797 ಬಂದಿದ್ದರೆ ವಸ್ತುವನ್ನೇ ಸರಿಸಿ 1800 ಮಾಡಬೇಕು. ಹಾಗೆಂದು ತೆರೆಯ ಮೇಲಿನ ಸಂಖ್ಯೆಯನ್ನು ಪೂರ್ತಿ ನಂಬುವಂತೆಯೂ ಇಲ್ಲ: ಯೂನಿಟ್ಸ್ ಸೆಟ್ಟಿಂಗ್‌ನಲ್ಲಿ ಪೂರ್ಣಾಂಕಕ್ಕೆ ದುಂಡು ಮಾಡಿದ್ದರೆ 1799.6 ಕೂಡ 1800 ಎಂದೇ ಕಾಣುತ್ತದೆ. ಪರಿಶೀಲನೆಯ ಹೊತ್ತಿಗಾದರೂ ಒಂದೆರಡು ದಶಮಾಂಶ ಸ್ಥಾನಗಳನ್ನು ತೆರೆದಿಡುವುದು ಲೇಸು.

ಪೀಠೋಪಕರಣಗಳ ವಿಷಯದಲ್ಲಿ ಫಲಿತಾಂಶ ಫ್ಯಾಮಿಲಿ (ಮೇಜು, ಕಿಟಕಿಯಂಥ ವಸ್ತುವಿನ ಸಿದ್ಧ ಮಾದರಿ) ಮಾಡಿದವರ ಕೈಯಲ್ಲಿದೆ. ಮೂಲಬಿಂದುವನ್ನು ಮಧ್ಯದ ರೆಫರೆನ್ಸ್ ಪ್ಲೇನ್‌ಗಳ (ಆಧಾರಕ್ಕಾಗಿ ಎಳೆಯುವ ಸಹಾಯಕ ಸಮತಲಗಳ) ಸಂಧಿಯಲ್ಲಿ ಇಟ್ಟಿರದ ಮೇಜನ್ನು ಕೋಣೆಯ ನಡುಬಿಂದುವಿಗೆ ತಂದಿಟ್ಟರೂ ಅದು ಒಂದು ಬದಿಗೇ ನಿಲ್ಲುತ್ತದೆ. ಇನ್ನು ಎಲ್ ಆಕಾರದ ಕೋಣೆಯ ಚಾವಣಿಗೆ ಒಂದೇ ದೀಪ ಹಾಕಬೇಕಾದಾಗ ಇಡೀ ಆಕಾರದ ಜ್ಯಾಮಿತೀಯ ಕೇಂದ್ರ ಕೆಲವೊಮ್ಮೆ ಕೋಣೆಯಿಂದಲೇ ಹೊರಗೆ ಬೀಳುತ್ತದೆ. ಅಂಥಲ್ಲಿ ಜನ ಕೂರುವ ಚೌಕವನ್ನಷ್ಟೇ ಎರಡು ರೆಫರೆನ್ಸ್ ಪ್ಲೇನ್‌ಗಳಿಂದ ಗುರುತಿಸಿ, ಅವುಗಳಿಗೆ ಇಕ್ಯೂ ಕೊಟ್ಟು, ದೀಪವನ್ನು ಅವು ಸೇರುವಲ್ಲಿಗೆ ಅಲೈನ್ ಮಾಡುತ್ತೇನೆ.