ಕ್ಯಾಟಲಾಗ್ ಕ್ವೆರಿ ನಿಧಾನ ಆದಾಗ ಯಾವುದನ್ನು ನಂಬಬೇಕು?

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ತನ್ನ ಟೇಬಲ್, ಕಾಲಂಗಳ ವಿವರವನ್ನು ಕ್ಯಾಟಲಾಗ್ ಎಂಬ ಒಳಗಿನ ಟೇಬಲ್‌ಗಳಲ್ಲಿ ಇಟ್ಟಿರುತ್ತದೆ. ಆ ವಿವರ ಕೇಳುವ ಕ್ವೆರಿಯೇ (ಡೇಟಾಬೇಸ್‌ಗೆ ಹಾಕುವ ಪ್ರಶ್ನೆ) ತಡ ಮಾಡಿದರೆ ನನ್ನ ಆಯ್ಕೆ ಎಕ್ಸ್‌ಪ್ಲೇನ್ ಅನಲೈಜ್, ಅಂದರೆ ಕ್ವೆರಿಯನ್ನು ಓಡಿಸಿ ಯಾವ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುವ ಆದೇಶ. ಜೊತೆಗೆ ಬಫರ್ಸ್, ಅಂದರೆ ಎಷ್ಟು ಡೇಟಾ ಪುಟ (ಬಫರ್) ಓದಿತು ಎಂಬ ಲೆಕ್ಕ. ದುಡ್ಡು ಬೇಡ, ಹೊಸದೇನೂ ಹಾಕಬೇಕಿಲ್ಲ. ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಅಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ರಿಪೋರ್ಟ್. ಲೆಕ್ಕ ಬೇಗ ಬರುತ್ತಿತ್ತು, ಅದಕ್ಕೂ ಮೊದಲು ಇನ್ಫರ್ಮೇಶನ್ ಸ್ಕೀಮಾದಿಂದ (ಕ್ಯಾಟಲಾಗ್‌ನ ವಿವರ ತೋರಿಸುವ ಸಿದ್ಧ ಪಟ್ಟಿಗಳು) ಕಾಲಂ ಪಟ್ಟಿ ತರುವಲ್ಲೇ ಪರದೆ ನಿಂತುಬಿಡುತ್ತಿತ್ತು.

ತಿಂಗಳ ಬಾಡಿಗೆಯ ಆನ್‌ಲೈನ್ ಮಾನಿಟರ್ ಒಂದನ್ನು ನೋಡಿದೆ. ಗ್ರಾಫ್ ಚೆನ್ನಾಗಿದೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೋದರೆ ಅದೂ ಹೋಗುತ್ತದೆ.

ಪೋಸ್ಟ್‌ಗ್ರೆಸ್‌ಗೆ ಸೇರಿಸಿಕೊಳ್ಳುವ ಪಿಜಿ ಸ್ಟಾಟ್ ಸ್ಟೇಟ್‌ಮೆಂಟ್ಸ್ ಒಳ್ಳೆಯದೇ. ಯಾವ ಕ್ವೆರಿ ಎಷ್ಟು ಸಲ ಓಡಿತು, ಒಟ್ಟು ಎಷ್ಟು ಹೊತ್ತು ತಿಂದಿತು ಎಂದು ಹೇಳುತ್ತದೆ. ಆದರೆ ಮೊದಲೇ ಹಾಕಿರದಿದ್ದರೆ ಸರ್ವರ್ ರೀಸ್ಟಾರ್ಟ್ ಮಾಡಬೇಕು. ವ್ಯಾಪಾರ ನಡೆಯುವಾಗ ಅದು ಆಗದ ಮಾತು.

ಎಕ್ಸ್‌ಪ್ಲೇನ್‌ನಲ್ಲಿ ಒಂದು ಕಿರಿಕಿರಿ ಇದೆ. ಅದು ಜಾಗ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಬರುವ ಸಾಲು ಕೆಲವೇ, ಓದಿದ ಬಫರ್ ಮಾತ್ರ ರಾಶಿ ರಾಶಿ, ಅದೂ ಪ್ರತಿ ಕಾಲಂಗೂ ಒಂದು ಸಾಲು ಇಡುವ ಪಿಜಿ ಆಟ್ರಿಬ್ಯೂಟ್ ಎಂಬ ಕ್ಯಾಟಲಾಗ್ ಮೇಲೆ. ಯಾಕೆ ಅಂತ ನಾವೇ ಹುಡುಕಬೇಕು. ನಮ್ಮಲ್ಲಿ ಪ್ರತಿ ರಿಪೋರ್ಟೂ ಒಂದು ಟೆಂಪ್ ಟೇಬಲ್ (ತಾತ್ಕಾಲಿಕ ಟೇಬಲ್) ಮಾಡಿ ಅಳಿಸುತ್ತದೆ. ಹತ್ತು ಕಾಲಂ ಇದ್ದರೆ ಪೋಸ್ಟ್‌ಗ್ರೆಸ್ ತಾನೇ ಸೇರಿಸುವ 6 ಸಿಸ್ಟಂ ಕಾಲಂ ಸೇರಿ ಆ ಕ್ಯಾಟಲಾಗ್‌ಗೆ 16 ಸಾಲು ಬೀಳುತ್ತವೆ, ಟೇಬಲ್ ಅಳಿಸಿದ ಮೇಲೆ ಅವು ಬಳಕೆಗೆ ಬಾರದಿದ್ದರೂ ಜಾಗ ಹಿಡಿಯುವ ಸತ್ತ ಸಾಲುಗಳಾಗಿ ಕೂರುತ್ತವೆ.

ಅವನ್ನು ತಾನಾಗಿ ಓಡಿ ಸತ್ತ ಸಾಲು ತೆಗೆಯುವ ಆಟೋವ್ಯಾಕ್ಯೂಮ್ ಗುಡಿಸಬೇಕಿತ್ತಲ್ವಾ? ಯಾವ ಸಂಪರ್ಕ (ಸೆಷನ್) ಏನು ಮಾಡುತ್ತಿದೆ ಎಂದು ತೋರಿಸುವ ಪಿಜಿ ಸ್ಟಾಟ್ ಆಕ್ಟಿವಿಟಿ ತೆಗೆದು ನೋಡಿದರೆ ಒಂದು ಸೆಷನ್ ಟೆಂಪ್ ಟೇಬಲ್ ಮಾಡಿ, ಕಮಿಟ್ ಮಾಡದೆ (ಕೆಲಸ ಖಾಯಂ ಮಾಡಿ ಮುಗಿಸದೆ), ಬೆಳಗ್ಗಿನಿಂದ ಸುಮ್ನೆ ಕೂತಿತ್ತು. ಹೀಗೆ ಮುಗಿಸದ ಕೆಲಸದ ಸರಣಿ, ಅಂದರೆ ಟ್ರಾನ್ಸಾಕ್ಷನ್, ತೆರೆದಿರುವವರೆಗೆ ಅದರ ನಂತರ ಸತ್ತ ಸಾಲುಗಳನ್ನು ವ್ಯಾಕ್ಯೂಮ್ ತೆಗೆಯುವಂತಿಲ್ಲ. ಸೆಷನ್ ಮುಚ್ಚಿಸಿ, ಖಾಲಿ ಕೂತ ಟ್ರಾನ್ಸಾಕ್ಷನ್‌ಗೆ ಟೈಮ್‌ಔಟ್ ಹಾಕಿದೆ. ಪೋಸ್ಟ್‌ಗ್ರೆಸ್ 9.6 ಆವೃತ್ತಿಯಿಂದ ಆ ಸೆಟ್ಟಿಂಗ್ ಇದೆ, ನಾವಾಗಿ ಹಾಕದಿದ್ದರೆ ಆಫ್ ಇರುತ್ತದೆ. ಮಾಮೂಲಿ ವ್ಯಾಕ್ಯೂಮ್‌ನಿಂದ ಉಬ್ಬಿದ ಫೈಲ್ ಅಷ್ಟಾಗಿ ಇಳಿಯುವುದಿಲ್ಲ, ಹಾಗಾಗಿ ಮಂಡಿ ಮುಚ್ಚಿದ ಮೇಲೆ ಟೇಬಲನ್ನು ಹೊಸದಾಗಿ ಬರೆದು ಫೈಲ್ ಚಿಕ್ಕದು ಮಾಡುವ ವ್ಯಾಕ್ಯೂಮ್ ಫುಲ್ ಕೊಟ್ಟೆ. ಹಗಲಲ್ಲಿ ಕೊಡಬೇಡಿ, ಅದು ಟೇಬಲ್‌ಗೆ ಹಾಕುವ ಲಾಕ್ ಬಿಡುವವರೆಗೆ ಎಲ್ಲರೂ ಕಾಯಬೇಕಾಗುತ್ತದೆ.

ಇನ್ನೊಂದು, ಸಾಫ್ಟ್‌ವೇರ್ ಬಳಸುವ ಲಾಗಿನ್‌ನಲ್ಲೇ ಪರೀಕ್ಷಿಸಿ. ಇನ್ಫರ್ಮೇಶನ್ ಸ್ಕೀಮಾ ಪ್ರತಿ ಕಾಲಂಗೂ ಅನುಮತಿ ನೋಡುತ್ತದೆ, ಅಡ್ಮಿನ್ ಲಾಗಿನ್‌ನಲ್ಲಿ ಸಿಗುವ ಸಮಯ ಬೇರೆಯೇ ಇರಬಹುದು.

ಹತ್ತಾರು ಸರ್ವರ್ ಇರುವವರು ಸ್ಟಾಟ್ ಸ್ಟೇಟ್‌ಮೆಂಟ್ಸ್ ಅನ್ನು ಮೊದಲ ದಿನವೇ ಹಾಕಿಟ್ಟುಕೊಳ್ಳಿ. ನನಗಿರುವುದು ಒಂದೇ ಸರ್ವರ್, ಮಂಡಿಯವರು ಮಾನಿಟರ್‌ಗೆ ಅಂತ ಬೇರೆ ದುಡ್ಡು ಕೊಡುವುದಿಲ್ಲ, ಕಪ್ಪು ಪರದೆಯಲ್ಲಿ ಟೈಪ್ ಮಾಡುವುದು ರೂಢಿ. ನನಗೆ ಎಕ್ಸ್‌ಪ್ಲೇನೇ ಸಾಕು.