ಬಸ್ಸಿನಲ್ಲಿ ಬರುವ ಇಟಾಲಿಯನ್ ಸ್ಯಾಂಡ್‌ವಿಚ್: ಬಳ್ಳಾರಿಯ ಅಡುಗೆಮನೆಯಿಂದ ಒಂದು ವಿಮರ್ಶೆ

ಇಟಾಲಿಯನ್ ಡೆಲಿ (ಸಿದ್ಧ ಮಾಂಸ, ಚೀಸ್ ಮಾರುವ ಅಂಗಡಿ) ಶೈಲಿಯ ಪದರ ಪದರದ ಸ್ಯಾಂಡ್‌ವಿಚ್ಚನ್ನು ಮನೆಯಲ್ಲೇ ಮಾಡಿಕೊಳ್ಳಲು ಬೇಕಾದುದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವ ಬೆಂಗಳೂರಿನ ಅಂಗಡಿಯೊಂದು ಈಗ ಬಳ್ಳಾರಿಗೂ ಪಾರ್ಸೆಲ್ ಕಳುಹಿಸುತ್ತಿದೆ. ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿಯನ್ನು ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಊರಿಗೆ ಬಂದಿರುತ್ತದೆ. ತೆಳ್ಳಗೆ ಕತ್ತರಿಸಿದ ಮಾಂಸಗಳಾದ ಸಲಾಮಿ ಮತ್ತು ಮೊರ್ಟಡೆಲ್ಲಾ, ಪ್ರೊವೊಲೋನ್ ಎಂಬ ಚೀಸ್ ತಲಾ 100 ಗ್ರಾಂ, ಎಳ್ಳು ಉದುರಿಸಿದ ಅಗಲವಾದ ಗುಂಡು ಬ್ರೆಡ್ ಒಂದು, ಆಲಿವ್ ಮತ್ತು ತರಕಾರಿ ಉಪ್ಪಿನಕಾಯಿಯ ಬಾಟಲಿ ಒಂದು, ಒರೆಗಾನೊ ಪೊಟ್ಟಣ ಒಂದು. ಸಾಗಣೆ ವೆಚ್ಚ ಸೇರಿ 1,900 ರೂಪಾಯಿ. ನಾಲ್ವರಿಗೆ ಸಾಕಾಗುತ್ತದೆ. ಈ ದುಡ್ಡಿನಲ್ಲಿ ಹೆಚ್ಚಿನ ಪಾಲು ಮಾಂಸಕ್ಕೂ ಚೀಸಿಗೂ ಹೋಗುತ್ತದೆ, ರುಚಿಯ ಹೆಚ್ಚಿನ ಪಾಲು ಬರುವುದು ಮಾತ್ರ ಆ ಬಾಟಲಿಯಿಂದ. ಇಡೀ ಪೆಟ್ಟಿಗೆಯ ಮರ್ಯಾದೆ ಕಳೆಯುವುದು ಬ್ರೆಡ್.

ಇಟಲಿಯ ಸ್ಯಾಂಡ್‌ವಿಚ್ ಆದ ಪಾನಿನೊದಲ್ಲಿ ಸಾಮಾನ್ಯವಾಗಿ ಎರಡು ಮೂರು ಪದಾರ್ಥಗಳಿಗಿಂತ ಹೆಚ್ಚಿರುವುದಿಲ್ಲ. ಹಲವು ಬಗೆಯ ಮಾಂಸವನ್ನೂ ಚೀಸನ್ನೂ ಒಂದರ ಮೇಲೊಂದು ಪೇರಿಸುವ ರೂಢಿಯನ್ನು ಬೆಳೆಸಿದವರು ಅಮೆರಿಕಕ್ಕೆ ವಲಸೆ ಹೋದ ಇಟಾಲಿಯನ್ನರು. ಈ ಪೆಟ್ಟಿಗೆ ಅನುಸರಿಸಿರುವುದು ನ್ಯೂ ಆರ್ಲಿಯನ್ಸ್‌ನ ಮಫುಲೆಟ್ಟಾ ಎಂಬ ಸ್ಯಾಂಡ್‌ವಿಚ್ಚನ್ನು. ಸಿಸಿಲಿಯಿಂದ ಬಂದ ಸಾಲ್ವತೋರೆ ಲುಪೊ 1906ರಲ್ಲಿ ತೆರೆದ ಸೆಂಟ್ರಲ್ ಗ್ರೋಸರಿ ಎಂಬ ಅಂಗಡಿಯಿಂದ ಅದು ಹೆಸರು ಮಾಡಿತು. ಹೆಚ್ಚಿದ ಆಲಿವ್ ಮತ್ತು ಹುಳಿ ಹಿಡಿದ ತರಕಾರಿಗಳ ಎಣ್ಣೆ ಬ್ರೆಡ್ಡಿನೊಳಕ್ಕೆ ಇಳಿಯುವುದೇ ಅದರ ಜೀವಾಳವಾದ್ದರಿಂದ, ಎಣ್ಣೆ ಕುಡಿದೂ ಕುಸಿಯದಷ್ಟು ಗಟ್ಟಿಯಾದ ಹೊರಮೈ ಆ ಬ್ರೆಡ್ಡಿಗೆ ಇರಲೇಬೇಕು.

ಪೆಟ್ಟಿಗೆಯ ಬ್ರೆಡ್ ಸೋಲುವುದು ಇಲ್ಲಿಯೇ. ಅದನ್ನು ಬೇಯಿಸಿದವರ ಕೈಯಲ್ಲಿ ದೋಷವಿದ್ದಂತೆ ಕಾಣುವುದಿಲ್ಲ, ಒಳಗಿನ ತಿರುಳು ಚೆನ್ನಾಗಿಯೇ ಇದೆ. ಆದರೆ ರಾತ್ರಿಯಿಡೀ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಪ್ಯಾಕಿನ ಪಕ್ಕ ಕುಳಿತ ಬ್ರೆಡ್ಡಿನ ಹೊರಮೈ ತೇವ ಹೀರಿ ಚರ್ಮದಂತಾಗಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಸದ್ದಿಲ್ಲದೆ ತಗ್ಗುತ್ತದೆ, ಬಿಟ್ಟ ಮೇಲೆ ಗುಳಿ ಹಾಗೆಯೇ ಉಳಿಯುತ್ತದೆ. ಓವನ್ನಿನಲ್ಲಿ 180 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬಿಸಿ ಮಾಡಿದರೆ ಗರಿಗರಿತನ ಮರಳುವುದು ನಿಜ, ಆದರೆ ತಣ್ಣಗಾಗಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗಡುಸಾಗತೊಡಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಒಣ ಗಾಳಿಯಲ್ಲಿ ಹೀಗೆ ಎರಡನೆಯ ಸಲ ಬಿಸಿ ಕಂಡ ಬ್ರೆಡ್ಡಿಗೆ ಆಯುಷ್ಯ ಇನ್ನೂ ಕಡಿಮೆ.

ಬೇಕರಿಗಳಲ್ಲಿ ಸಿದ್ಧವಾಗಿ ಸಿಗುವ ಬ್ರೆಡ್ ಇದಕ್ಕೆ ಬದಲಿಯಾಗಲಾರದು, ಏಕೆಂದರೆ ಅದು ಮೃದು ಮತ್ತು ಸಿಹಿ. ಹಿಂದಿನ ದಿನವೇ ಹೇಳಿ, ಸಕ್ಕರೆ ಇಳಿಸಿದ ಹಿಟ್ಟಿನಿಂದ ಅಂಗೈಗಿಂತ ಅಗಲವಾದ ಗುಂಡು ಬ್ರೆಡ್ಡುಗಳನ್ನು ಮಾಡಿಸಿಕೊಳ್ಳಬೇಕು. ಗಾಂಧಿನಗರದ ಕಡೆಯ ಬೇಕರಿಯೊಂದರಲ್ಲಿ ಹೀಗೆ ಕೇಳಿದಾಗ, "ಸಕ್ರಿ ಪೂರ್ತಿ ಬಿಟ್ರ ಬಣ್ಣ ಬರಂಗಿಲ್ರಿ" ಎಂದರು. ಅವರ ಮಾತು ಸರಿ, ಸಕ್ಕರೆ ಕಡಿಮೆಯಾದರೆ ಮೇಲ್ಮೈ ಬೇಗ ಕೆಂಪಾಗುವುದಿಲ್ಲ. ಚಿಟಿಕೆ ಸಕ್ಕರೆ ಉಳಿಸಿ, ಹೆಚ್ಚು ಹೊತ್ತು ಭಟ್ಟಿಯಲ್ಲಿಟ್ಟು ಅವರು ತೆಗೆದುಕೊಟ್ಟ ಬ್ರೆಡ್, ಬೆಂಗಳೂರಿನದ್ದಕ್ಕಿಂತ ರೂಪದಲ್ಲಿ ಒರಟಾಗಿದ್ದರೂ ಈ ಕೆಲಸಕ್ಕೆ ಹೆಚ್ಚು ಒಗ್ಗಿತು.

ಮಾಂಸದ ವಿಷಯದಲ್ಲಿ ಅಂಗಡಿಯವರು ಮೋಸ ಮಾಡಿಲ್ಲ. ಸೂಪರ್ ಮಾರ್ಕೆಟ್ಟುಗಳಲ್ಲಿ ಸಿಗುವ ಚಿಕನ್ ಸಲಾಮಿ ನುಣ್ಣಗೆ ಅರೆದು ಬೇಯಿಸಿದ್ದು; ಪೆಟ್ಟಿಗೆಯಲ್ಲಿರುವುದು ಉಪ್ಪು ಬೆರೆಸಿ ಹುದುಗಿಸಿ ವಾರಗಟ್ಟಲೆ ಒಣಗಿಸಿದ ಹಂದಿ ಮಾಂಸದ ಸಲಾಮಿ, ಅದರ ಹುಳಿಯೇ ಬೇರೆ. ಮೊರ್ಟಡೆಲ್ಲಾ ಬೊಲೊನ್ಯಾ ನಗರದ ಹೆಸರಿನೊಂದಿಗೆ ಬೆಸೆದುಕೊಂಡ ಪದಾರ್ಥ, ಇದು ಮಾತ್ರ ಬೇಯಿಸಿದ್ದೇ. ತಿಳಿಗುಲಾಬಿ ಬಣ್ಣದ ಸ್ಲೈಸಿನಲ್ಲಿ ಬಿಳಿಯ ಕೊಬ್ಬಿನ ಚೌಕಗಳೂ ಅಲ್ಲೊಂದು ಇಲ್ಲೊಂದು ಪಿಸ್ತಾ ಚೂರೂ ಕಾಣುತ್ತವೆ. ಸ್ಲೈಸುಗಳನ್ನು ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಕಾಣುವಷ್ಟು ತೆಳ್ಳಗೆ ಕತ್ತರಿಸಿದ್ದಾರೆ, ಇದು ಮೆಚ್ಚಬೇಕಾದ ಕೆಲಸ, ಮನೆಯ ಚಾಕುವಿನಿಂದ ಸಾಧ್ಯವಾಗದ್ದು. ಅವುಗಳನ್ನು ಚಪ್ಪಟೆಯಾಗಿ ಪೇರಿಸದೆ ಸಡಿಲವಾಗಿ ಮಡಚಿ ಇಡಬೇಕು; ನಡುವೆ ಗಾಳಿ ನಿಂತರೆ ಹಲ್ಲಿಗೆ ಮೃದುವಾಗುತ್ತದೆ, ಇಲ್ಲದಿದ್ದರೆ ಒಂದೇ ದಪ್ಪ ತುಂಡನ್ನು ಜಗಿದಂತಾಗುತ್ತದೆ.

ಪ್ರೊವೊಲೋನ್ ಮೊಝರೆಲ್ಲಾದಂತೆಯೇ ಹಾಲಿನ ಗಟ್ಟಿಯನ್ನು ಬಿಸಿನೀರಿನಲ್ಲಿ ಎಳೆದೆಳೆದು ಮಾಡುವ ಚೀಸ್, ಹಣ್ಣಾಗಲು ಬಿಟ್ಟಷ್ಟೂ ಖಾರ ಏರುತ್ತದೆ. ಪೆಟ್ಟಿಗೆಯಲ್ಲಿರುವುದು ಎಳೆಯದು, ತೀರಾ ಸೌಮ್ಯ. ಇಟಲಿಯಲ್ಲಿ ಇದನ್ನು ಸಾಂಪ್ರದಾಯಿಕವಾಗಿ ಕರು ಅಥವಾ ಆಡುಮರಿಯ ಜಠರದಿಂದ ತೆಗೆದ ರೆನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸುವುದರಿಂದ ಸಸ್ಯಾಹಾರಿಗಳು ಲೇಬಲ್ಲಿನ ಹಸಿರು ಗುರುತನ್ನು ನೋಡಿಯೇ ಕೊಳ್ಳಬೇಕು. ಈ ಪೆಟ್ಟಿಗೆಯ ಚೀಸಿನ ಮೇಲೆ ಆ ಗುರುತಿದೆ. ಆದರೂ ಇಷ್ಟು ಸೌಮ್ಯವಾದ ಚೀಸಿಗೆ ಇಷ್ಟು ಬೆಲೆ ತೆರುವುದಕ್ಕಿಂತ ಎಲ್ಲೆಡೆ ಸಿಗುವ ಅಮುಲ್ ಮೊಝರೆಲ್ಲಾಕ್ಕೆ ಕಾಳುಮೆಣಸಿನ ಪುಡಿ ಉದುರಿಸಿಕೊಳ್ಳುವುದು ಮೇಲು ಎಂದು ನನಗೆ ಅನ್ನಿಸಿತು.

ಇನ್ನು ಬಾಟಲಿ. ಹಸಿರು ಮತ್ತು ಕಪ್ಪು ಆಲಿವ್, ಹೂಕೋಸು, ಗಜ್ಜರಿ, ಸೆಲರಿ, ಬೆಳ್ಳುಳ್ಳಿಗಳನ್ನು ವಿನೆಗರಿನಲ್ಲಿ ನೆನೆಸಿ ಆಲಿವ್ ಎಣ್ಣೆಯಲ್ಲಿ ಮುಳುಗಿಸಿದ್ದಾರೆ. ಹೂಕೋಸು ಇನ್ನೂ ಕಟುಕಟು ಎನ್ನುತ್ತದೆ, ಹುಳಿ ಗಂಟಲಿಗೆ ಚುಚ್ಚುವುದಿಲ್ಲ, ಎಣ್ಣೆಯಲ್ಲಿ ಬೆಳ್ಳುಳ್ಳಿಯ ಘಮವಿದೆ. ಜೋಳದ ರೊಟ್ಟಿಗೆ ಹಸಿ ಉಳ್ಳಾಗಡ್ಡಿಯೂ ಗುರೆಳ್ಳು ಚಟ್ನಿಯೂ ಮಾಡುವ ಕೆಲಸವನ್ನು ಈ ಸ್ಯಾಂಡ್‌ವಿಚ್ಚಿಗೆ ಈ ಬಾಟಲಿ ಮಾಡುತ್ತದೆ. ಅದಿಲ್ಲದೆ ಮಾಂಸವೂ ಚೀಸೂ ಬರಿಯ ಉಪ್ಪು ಮತ್ತು ಜಿಡ್ಡು. ಖಾರ ಮಾತ್ರ ನಮ್ಮ ಭಾಗದವರ ನಾಲಿಗೆಗೆ ಸಾಲದು. ಮಿರ್ಚಿ ಬಜ್ಜಿಗೆ ಬಳಸುವ ಉದ್ದನೆಯ ಮೆಣಸಿನಕಾಯಿಯನ್ನು ಬಿಲ್ಲೆಗಳಾಗಿ ಹೆಚ್ಚಿ, ಉಪ್ಪು ಸವರಿ ಒಂದು ಗಂಟೆ ಬಿಟ್ಟು, ನೀರು ಹಿಂಡಿ ಬೆರೆಸಿದರೆ ಆ ಕೊರತೆ ನೀಗುತ್ತದೆ. ಬಾಟಲಿ ಖಾಲಿಯಾದ ಮೇಲೆ ಮನೆಯಲ್ಲೇ ಮಾಡಿಕೊಳ್ಳುವವರು ಕಿರಾಣಿ ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರನ್ನು ನೇರವಾಗಿ ಸುರಿಯಬಾರದು, ಅದು ಕಟು. ಅದಕ್ಕೆ ಒಂದಿಷ್ಟು ನೀರು, ಚಿಟಿಕೆ ಸಕ್ಕರೆ ಸೇರಿಸಿ ಕುದಿಸಿ ಆರಿಸಿಕೊಂಡು, ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸುವಷ್ಟನ್ನೇ ಹಾಕಬೇಕು.

ಕಟ್ಟುವ ಕ್ರಮ ಸರಳವಾದರೂ ಅದರಲ್ಲಿ ಲೆಕ್ಕಾಚಾರವಿದೆ. ಬ್ರೆಡ್ಡನ್ನು ಅಡ್ಡಲಾಗಿ ಸೀಳಿ, ಮೇಲಿನ ಹೋಳಿನಿಂದ ಸ್ವಲ್ಪ ತಿರುಳು ತೆಗೆದು ಆ ಕುಳಿಯಲ್ಲಿ ಬಾಟಲಿಯ ತರಕಾರಿಯನ್ನು ಎಣ್ಣೆ ಸಮೇತ ತುಂಬಬೇಕು. ಕೆಳಗಿನ ಹೋಳಿನ ಮೇಲೆ ಮೊದಲು ಚೀಸ್, ಅದರ ಮೇಲೆ ಮಾಂಸ. ಟೊಮೆಟೊ ಹಾಕುವುದಿದ್ದರೆ ಬಿಲ್ಲೆಗಳಿಗೆ ಉಪ್ಪು ಹಚ್ಚಿ ನೀರು ಬಸಿದು ಮಾಂಸದ ನಡುವೆ ಇಡಬೇಕು, ಆಗ ಚೀಸ್ ತಡೆಯಾಗಿ ನಿಂತು ಕೆಳಗಿನ ಬ್ರೆಡ್ ನೆನೆಯುವುದಿಲ್ಲ. ಮಾಂಸ ಬೇಡದವರು ಬದನೆಕಾಯಿಯನ್ನು ಉದ್ದಕ್ಕೆ ಸೀಳಿ ಹೆಂಚಿನ ಮೇಲೆ ಕೆಂಪಗೆ ಸುಟ್ಟುಕೊಂಡರೆ, ಬಾಟಲಿಯ ಹುಳಿಗೆ ಅದು ಸಲಾಮಿಗಿಂತ ಕಡಿಮೆ ಹೊಂದುವುದಿಲ್ಲ. ಎರಡು ಹೋಳು ಮುಚ್ಚಿ, ಬೆಣ್ಣೆ ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಭಾರದ ಪಾತ್ರೆಯಿಟ್ಟು ಒಂದು ಗಂಟೆ ಬಿಟ್ಟ ಮೇಲೆಯೇ ಕತ್ತರಿಸಬೇಕು.

ಆ ಒಂದು ಗಂಟೆಯ ಬಗ್ಗೆ ಪೆಟ್ಟಿಗೆಯೊಳಗಿನ ಸೂಚನಾ ಹಾಳೆಗೂ ನನಗೂ ಜಗಳವಿದೆ. ಕೋಣೆಯ ಉಷ್ಣಾಂಶದಲ್ಲಿ ಇಡಿ ಎಂದು ಅದರಲ್ಲಿ ಅಚ್ಚಾಗಿದೆ. ಅದನ್ನು ಬರೆದವರ ಕೋಣೆ ಯಾವ ಊರಿನದೋ. ಏಪ್ರಿಲ್ ತಿಂಗಳ ಬಳ್ಳಾರಿಯ ಅಡುಗೆಮನೆಯಲ್ಲಿ ಬೇಯಿಸಿದ ಮಾಂಸವನ್ನು ಹಾಗೆ ಬಿಡುವುದು ಸುರಕ್ಷಿತವಲ್ಲ. ಫ್ರಿಜ್ಜಿನಲ್ಲೇ ಇಟ್ಟು, ತಿನ್ನುವ ಹತ್ತು ನಿಮಿಷ ಮೊದಲು ಹೊರತೆಗೆದರೆ ಸಾಕು. ಸಾಗಣೆಯಲ್ಲಿಯೂ ಇದೇ ಆತಂಕ: ಬಸ್ ತಡವಾಗಿ ಬಂದ ದಿನ ಐಸ್ ಪ್ಯಾಕ್ ಪೂರ್ತಿ ಕರಗಿ ಮೊರ್ಟಡೆಲ್ಲಾದ ಪೊಟ್ಟಣ ಬೆಚ್ಚಗಾಗಿತ್ತು. ಫೋನಿನಲ್ಲಿ ತಿಳಿಸಿದಾಗ ಅಂಗಡಿಯವರು ಅದರ ಹಣವನ್ನು ತಕರಾರಿಲ್ಲದೆ ಮರಳಿಸಿದರು, ಸೂಚನಾ ಹಾಳೆಯನ್ನು ಮಾತ್ರ ಇದುವರೆಗೆ ತಿದ್ದಿಲ್ಲ.

ತಂಪು ತಿಂಗಳುಗಳಲ್ಲಾದರೆ, ಬ್ರೆಡ್ ಬೇಡವೆಂದು ಹೇಳಿ ಉಳಿದುದನ್ನು ತರಿಸಿಕೊಳ್ಳಬಹುದು. ಬೆಲೆಯಲ್ಲಿ 250 ರೂಪಾಯಿ ಇಳಿಸುತ್ತಾರೆ. ಶಿವರಾತ್ರಿ ಕಳೆದ ಮೇಲೆ ಮಳೆ ಬೀಳುವವರೆಗೆ ಮಾಂಸದ ಗೋಜಿಗೆ ಹೋಗದೆ, ಬಿಡಿಯಾಗಿಯೂ ಮಾರುವ ಆ ಬಾಟಲಿಯನ್ನಷ್ಟೇ 420 ರೂಪಾಯಿಗೆ ಕೊಳ್ಳುವುದು ಒಳ್ಳೆಯದು. ಅದಕ್ಕೆ ಐಸ್ ಪ್ಯಾಕಿನ ಹಂಗಿಲ್ಲ, ಸಾಮಾನ್ಯ ಕೊರಿಯರ್‌ನಲ್ಲಿಯೇ ಬರುತ್ತದೆ.